ಬರೆಯಲೊಲ್ಲದ ಕ್ರಯಪತ್ರ : ಜಾನ್ ವೂಲ್ಮನ್ನನ ವಿಚಾರ

1742ನೆಯ ಇಸವಿಯ ಸುಮಾರಿನಲ್ಲಿ, ಉತ್ತರ ಅಮೆರಿಕದ ನ್ಯೂ ಜೆರ್ಸಿ ಎಂಬ ಇಂಗ್ಲಿಷ್ ವಸಾಹತಿಗೆ ಸೇರಿದ ಮೌಂಟ್ ಹಾಲಿ ಎಂಬ ಸಣ್ಣ ಊರಿನ ಅಂಗಡಿಯೊಂದರಲ್ಲಿ ಒಬ್ಬ ತರುಣನು ಗುಮಾಸ್ತೆಯಾಗಿದ್ದನು. ಸಾಮಾನು ಮಾರುವುದು, ಲೆಕ್ಕ ಬರೆಯುವುದು, ಯಜಮಾನನ ಕಾಗದಪತ್ರಗಳನ್ನು ನೋಡಿಕೊಳ್ಳುವುದು ಇವೇ ಆತನ ಕೆಲಸಗಳು. ಒಂದು ದಿನ ಯಜಮಾನನು ತನ್ನಲ್ಲಿದ್ದ ನೀಗ್ರೋ ಸ್ತ್ರೀಯೊಬ್ಬಳನ್ನು ಮಾರಿ, ಅದಕ್ಕೆ ಕ್ರಯಪತ್ರವನ್ನು ಬರೆದುಕೊಡುವಂತೆ ಗುಮಾಸ್ತೆಗೆ ಅಪ್ಪಣೆಮಾಡಿದನು. ಕೊಂಡುಕೊಂಡವನು ಪತ್ರಕ್ಕಾಗಿ ಕಾದು ನಿಂತಿದ್ದನು. ಮಾತು ಬಂದುದು ಹಠಾತ್ತಾಗಿ, ಯೋಚನೆಗೆ ಅವಕಾಶವಿರಲಿಲ್ಲ. ತಾನು ವರ್ಷದ ಸಂಬಳಕ್ಕೆ ನಿಂತವನು, ಹೇಳಿದವನು ಯಜಮಾನ, ಕೊಳ್ಳುವವನು ತನ್ನ ಮತಕ್ಕೇ ಸೇರಿದ ವೃದ್ಧ ಗೃಹಸ್ಥ. ಹೀಗೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ತರುಣನು ಪತ್ರವನ್ನು ಬರೆದೇಬಿಟ್ಟನು. ಆದರೆ ಬರೆದು ಮುಗಿಸುವುದರೊಳಗೆ ಒಳಗಿನ ಸಂಕಟವು ತಡೆಯಲಾಗದೆ, ದಾಸರನ್ನಿಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಹೊಂದತಕ್ಕ ಆಚಾರವಲ್ಲವೆಂದು ತನಗೆ ತೋರುತ್ತದೆಯೆಂದು ಅವರಿಬ್ಬರ ಎದುರಿಗೇ ಹೇಳಿದನು. ಅವರು ಕೇಳಿಕೊಂಡರು. ಪತ್ರವು ಕೈಬದಲಾಯಿತು. ಆ ಸ್ತ್ರೀಯು ಹೊಸ ಒಡೆಯನ ಹಿಂದೆ ಹೋದಳು.

ಆ ಗುಮಾಸ್ತೆಯ ಹೆಸರು ಜಾನ್ ವೂಲ್ಮನ್. ನಮ್ಮ ಕಾಲೇಜುಗಳಲ್ಲಿ ಅಮೆರಿಕದ ಚರಿತ್ರೆಯನ್ನು ಓದುವವರಿಗೆ ವಾಷಿಂಗ್ಟನ್ನನ ಹೆಸರೂ ಲಿಂಕನ್ನನ ಹೆಸರೂ ಚಿರಪರಿಚಿತ. ಈತನ ಹೆಸರು ಕಿವಿಗೆ ಬೀಳುವುದೇ ಅಪೂರ್ವ. ಇಂಗ್ಲಿಷ್ ಪ್ರಬಂಧಗಳಲ್ಲಿ ರುಚಿಯುಳ್ಳ ಕೆಲವರು ಮಾತ್ರ ಚಾರ್ಲ್ಸ್ ಲ್ಯಾಂಬನು ಈತನ ಬರೆಹಗಳನ್ನು ಬಾಯಿಪಾಠ ಮಾಡಿಕೊಳ್ಳಿರೆಂದು ಓದುಗರಿಗೆ ಹೇಳಿರುವುದನ್ನು ಜ್ಞಾಪಿಸಿಕೊಂಡಾರು. ಈತನು ಸೈನ್ಯವನ್ನು ನಡೆಸಿದವನಲ್ಲ, ಶಾಸನವನ್ನು ಬರೆದವನಲ್ಲ, ಹೊಸ ಪಂಥವನ್ನು ಸ್ಥಾಪಿಸಿದವನೂ ಅಲ್ಲ. ಆದರೂ ದೇವರ ಅಪ್ಪಣೆಯೆಂದು ತನಗೆ ಮನದಟ್ಟಾದುದನ್ನು ಒಬ್ಬ ಸಾಮಾನ್ಯ ಗೃಹಸ್ಥನು ಅಂಗಡಿಯಲ್ಲಿ, ಊಟದ ಮೇಜಿನಲ್ಲಿ, ಉಡುವ ಬಟ್ಟೆಯಲ್ಲಿ ಎಷ್ಟರಮಟ್ಟಿಗೆ ನಡೆಸಬಲ್ಲನು ಎಂಬುದನ್ನು ತಿಳಿಯಬೇಕಾದರೆ, ಈತನ ದಿನಚರಿಯನ್ನು ಮೀರಿಸಿದ ಸಾಕ್ಷ್ಯ ನಮಗೆ ದೊರೆಯುವುದು ಕಷ್ಟ.

ಮೊದಲು ಈತನು ಹುಟ್ಟಿದ ಸಮಾಜದ ವಿಷಯವಾಗಿ ಎರಡು ಮಾತು. ಹದಿನೇಳನೆಯ ಶತಮಾನದ ನಡುವೆ, ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದು ಜನರ ಮನಸ್ಸು ಕಲಕಿಹೋಗಿದ್ದಾಗ, ಜಾರ್ಜ್ ಫಾಕ್ಸ್ ಎಂಬವನು ಒಂದು ಬೋಧೆಗೆ ಮೊದಲುಮಾಡಿದನು. ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ಕ್ರಿಸ್ತನ ಜ್ಯೋತಿ ಬೆಳಗುತ್ತಿದೆ. ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ. ಮೌನವಾಗಿ ಕುಳಿತು ಕಾದರೆ ದೇವರ ಪ್ರೇರಣೆ ತಾನಾಗಿ ತಿಳಿಯುತ್ತದೆ. ತಿಳಿದಮೇಲೆ ಅದರಂತೆ ನಡೆಯತಕ್ಕದ್ದು. ಈ ಬೋಧೆಯನ್ನು ಹಿಡಿದವರು ತಮ್ಮನ್ನು ಮಿತ್ರರೆಂದು ಕರೆದುಕೊಂಡರು. ಲೋಕವು ಅವರನ್ನು ಹಾಸ್ಯಕ್ಕಾಗಿ ಕ್ವೇಕರರೆಂದಿತು. ಅವರು ಆಣೆಯಿಡುತ್ತಿರಲಿಲ್ಲ, ಆಯುಧ ಹಿಡಿಯುತ್ತಿರಲಿಲ್ಲ, ದೊಡ್ಡವರ ಮುಂದೆ ಟೋಪಿ ತೆಗೆಯುತ್ತಿರಲಿಲ್ಲ. ಇದಕ್ಕಾಗಿ ಸಾವಿರಾರು ಮಂದಿ ಸೆರೆಮನೆ ಕಂಡರು. 1681ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರನಿಗೆ ದೊರೆಯಿಂದ ಪೆನ್ಸಿಲ್ವೇನಿಯ ಪ್ರಾಂತವು ದತ್ತವಾದಮೇಲೆ ಅವರಿಗೆ ಅಲ್ಲಿ ನೆಲೆ ಸಿಕ್ಕಿತು. ನೆಲೆಯೊಡನೆ ಐಶ್ವರ್ಯವೂ ಬಂದಿತು. ಐಶ್ವರ್ಯದೊಡನೆ ದಾಸರೂ ಬಂದರು. ಪೆನ್ನನೇ ದಾಸರನ್ನಿಟ್ಟುಕೊಂಡಿದ್ದನು. 1688ರಲ್ಲಿಯೇ ಜರ್ಮನ್‌ಟೌನ್ ಎಂಬ ಊರಿನ ಕೆಲವರು ಇದು ಅನ್ಯಾಯವೆಂದು ಬರೆದುಕೊಟ್ಟಿದ್ದರು. ಹಿರಿಯರ ಸಭೆಗಳು ಆ ಕಾಗದವನ್ನು ಒಂದರಿಂದ ಮತ್ತೊಂದಕ್ಕೆ ದಾಟಿಸಿ, ಕಡೆಗೆ ವಿಷಯವು ತೂಕದ್ದೆಂದು ಹೇಳಿ ಸುಮ್ಮನಾದುವು. ಸಭೆಗಳ ಈ ಪದ್ಧತಿ ಎಲ್ಲ ದೇಶಗಳಿಗೂ ಸಮಾನವಾದುದು!

ಇಂಥ ಸಮಾಜದಲ್ಲಿ 1720ರಲ್ಲಿ ವೂಲ್ಮನ್ ಹುಟ್ಟಿದನು, ತಂದೆ ಬೇಸಾಯಗಾರ. ಬಾಲ್ಯದ ಒಂದು ಸಂಗತಿಯನ್ನು ಆತನೇ ಬರೆದಿದ್ದಾನೆ. ಗೂಡಿನಲ್ಲಿ ಮರಿಗಳಿದ್ದ ರಾಬಿನ್ ಹಕ್ಕಿಯೊಂದು ದಾರಿಯಲ್ಲಿ ಕಣ್ಣಿಗೆ ಬಿದ್ದಿತು. ಹುಡುಗನು ಕಲ್ಲುಗಳನ್ನು ಬೀರಿದನು. ಒಂದು ತಾಗಿ ತಾಯಿಹಕ್ಕಿ ಸತ್ತಿತು. ಮೊದಲು ಸಂತೋಷವಾಯಿತು, ಮರುಕ್ಷಣವೇ ಹೆದರಿಕೆ. ತಾಯಿಯಿಲ್ಲದ ಮರಿಗಳು ಹಸಿದು ನರಳಿ ಸಾಯುವುದಕ್ಕಿಂತ ಕೂಡಲೇ ಸಾಯುವುದು ಮೇಲೆಂದು ಮರ ಹತ್ತಿ ಅವನ್ನೂ ಕೊಂದನು. ಒಂದು ತಪ್ಪು ಮಾಡಿದವನಿಗೆ ಮುಂದೆ ಕರುಣೆಯ ಕಾರ್ಯವೂ ಕ್ರೂರವಾಗಿಯೇ ಪರಿಣಮಿಸುವುದನ್ನು ಆ ಮಗು ಅಂದು ಕಂಡಿತು.

ಕ್ರಯಪತ್ರದ ಕಥೆಗೆ ಹಿಂದಿರುಗೋಣ. ಆ ಪತ್ರವನ್ನು ಬರೆದುದಕ್ಕಾಗಿ ವೂಲ್ಮನ್ ತನಗೆ ತಾನು ಕ್ಷಮೆ ಕೊಟ್ಟುಕೊಳ್ಳಲಿಲ್ಲ. ಮನಸ್ಸಿಗೆ ವಿರುದ್ಧವೆಂದು ತೋರಿದೊಡನೆ ನನ್ನನ್ನು ಬಿಟ್ಟುಬಿಡಿರೆಂದು ಕೇಳಬೇಕಾಗಿತ್ತೆಂದು ಬಹುಕಾಲ ಚಿಂತಿಸಿದನು. ಕೆಲವು ಕಾಲದ ಮೇಲೆ ಮತ್ತೊಬ್ಬ ತರುಣ ಮಿತ್ರನು ಇಂಥದೇ ಪತ್ರವನ್ನು ಬರೆಸಲು ಬಂದನು. ಈ ಸಲ ವೂಲ್ಮನ್ ಬರೆಯಲಿಲ್ಲ. ಬೈಯಲೂ ಇಲ್ಲ, ಸ್ನೇಹದಿಂದಲೇ ಕಾರಣವನ್ನು ತಿಳಿಸಿದನು. ಬಂದವನು ಅದಕ್ಕೆ, ದಾಸರನ್ನಿಟ್ಟುಕೊಳ್ಳುವುದು ನನಗೂ ಪೂರ್ತಿ ಒಪ್ಪಿಗೆಯಿಲ್ಲ, ಹೆಂಡತಿಗೆ ಉಡುಗೊರೆಯಾಗಿ ಬಂದುದರಿಂದ ತೆಗೆದುಕೊಂಡೆ ಎಂದನು. ಅಧರ್ಮವು ಮನೆಯೊಳಕ್ಕೆ ಬರುವುದು ಅನೇಕವೇಳೆ ಹೀಗೆಯೇ. ಬಾಗಿಲು ಮುರಿದಲ್ಲ, ಉಡುಗೊರೆಯಾಗಿ.

ಆ ಕಾಲದಲ್ಲಿ ನೆರೆಹೊರೆಯವರ ಉಯಿಲುಗಳನ್ನು ಬರೆದುಕೊಡುವುದು ವೂಲ್ಮನ್ನನಿಗೆ ಒಂದು ಸಂಪಾದನೆಯಾಗಿದ್ದಿತು. ಒಂದು ಸಲ ನೆರೆಯವನೊಬ್ಬನಿಗೆ ಮೈಗೆ ಬಲವಾದ ಪೆಟ್ಟು ತಗಲಿತು. ರಕ್ತ ತೆಗೆಯಲು ವೂಲ್ಮನ್ನನನ್ನು ಕರೆಸಿ, ಆಮೇಲೆ ಉಯಿಲನ್ನೂ ಬರೆದುಕೊಡೆಂದನು. ಇಂಥ ಆಸ್ತಿ ಇಂಥವನಿಗೆ, ಚಿಕ್ಕ ವಯಸ್ಸಿನ ದಾಸಿ ಇಂಥ ಮಗುವಿಗೆ, ಎಂದು ಎಲ್ಲವನ್ನೂ ಹೇಳಿದನು. ವೂಲ್ಮನ್ ಗುರುತು ಹಾಕಿಕೊಂಡು, ದಾಸಿಯ ವಿಷಯವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ಬರೆದು, ಹಾಸಿಗೆಯ ಬಳಿಗೆ ತಂದು ಓದಿದನು. ಆಮೇಲೆ, ಸಹಜೀವಿಯೊಬ್ಬಳನ್ನು ದಾಸ್ಯದಲ್ಲಿಡುವ ಮಾತನ್ನು ಬರೆಯಲು ಮನಸ್ಸು ಬರುವುದಿಲ್ಲ, ಬರೆದಷ್ಟಕ್ಕೆ ನನಗೆ ಕೂಲಿ ಬೇಡ, ಉಳಿದುದನ್ನು ನನ್ನಿಂದ ಬರೆಸಬೇಡ ಎಂದು ಕೇಳಿಕೊಂಡನು. ಇಬ್ಬರೂ ಬಹಳ ಹೊತ್ತು ಮಾತನಾಡಿದರು. ಕಡೆಗೆ ನೋವಿನಲ್ಲಿದ್ದ ಆ ಮನುಷ್ಯನು ಆಕೆಯನ್ನು ಬಿಡುಗಡೆಮಾಡಲು ಒಪ್ಪಿದನು. ವೂಲ್ಮನ್ ಉಯಿಲನ್ನು ಪೂರ್ತಿಮಾಡಿದನು. ವಾದದಲ್ಲಿ ಗೆಲ್ಲುವವರು ಲೋಕದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಎದುರಾಳಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು, ಆತನ ಗಾಯಕ್ಕೆ ಆರೈಕೆಮಾಡಿದ ಕೈಯಿಂದಲೇ ಲೇಖನಿಯನ್ನು ಕೆಳಗಿಡುವವರು ವಿರಳ.

ಇಷ್ಟರಲ್ಲಿ ವೂಲ್ಮನ್ ಸ್ವಂತ ವ್ಯಾಪಾರವನ್ನು ಆರಂಭಿಸಿದ್ದನು. ಮೊದಲು ಬಟ್ಟೆ ಹೊಲಿಯುವ ಕಸಬು. ಅದರ ಜೊತೆಗೆ ಗುಂಡಿ, ದಾರ, ಅಸ್ತರಿನ ಬಟ್ಟೆ. ಬರಬರುತ್ತ ತರತರದ ಜವಳಿ. ಗಿರಾಕಿಗಳು ಹೆಚ್ಚಿದರು, ಹಣವೂ ಬರತೊಡಗಿತು. ದೊಡ್ಡ ವರ್ತಕನಾಗುವ ದಾರಿ ತೆರೆದಿದ್ದಿತು. ಆಗ ಆತನು ಮಾಡಿದ ಕೆಲಸವನ್ನು ನಮ್ಮ ಪೇಟೆಯವರು ಕೇಳಿದರೆ ಬೆರಗಾಗಬೇಕು. ವ್ಯಾಪಾರವು ಮನಸ್ಸನ್ನು ತುಂಬಿಕೊಂಡು ದೇವರ ಮಾತನ್ನು ಕೇಳಲು ಬಿಡುವು ಕೊಡುತ್ತಿಲ್ಲವೆಂದು ಕಂಡುಕೊಂಡು, ಗಿರಾಕಿಗಳಿಗೆ ಮುಂಚೆಯೇ ತಿಳಿಸಿ, ಅವರು ಬೇರೆ ಅಂಗಡಿಯನ್ನು ನೋಡಿಕೊಳ್ಳುವಷ್ಟು ಕಾಲಾವಕಾಶ ಕೊಟ್ಟು, 1756ರ ಸುಮಾರಿಗೆ ವ್ಯಾಪಾರವನ್ನು ನಿಲ್ಲಿಸಿಬಿಟ್ಟನು. ಹೊಲಿಗೆಯ ಕಸಬನ್ನೂ ಸೇಬಿನ ತೋಟವನ್ನೂ ಮಾತ್ರ ಉಳಿಸಿಕೊಂಡನು. ಹೆಂಡತಿಯೂ ಒಬ್ಬಳು ಮಗಳೂ ಇದ್ದ ಸಂಸಾರಿ ಮಾಡಿದ ಕೆಲಸವಿದು, ಸಂನ್ಯಾಸಿಯದಲ್ಲ ಎಂಬುದನ್ನು ನಾವು ಮರೆಯಬಾರದು.

1746ರಲ್ಲಿ ವರ್ಜೀನಿಯ ಮೊದಲಾದ ದಕ್ಷಿಣದ ಪ್ರಾಂತಗಳಲ್ಲಿ ಆತನು ಸಂಚಾರ ಮಾಡಿದ್ದನು. ದಾಸರ ದುಡಿಮೆಯಿಂದ ಬೆಳೆದ ಅನ್ನವನ್ನು ಉಣ್ಣುವಾಗ ಗಂಟಲಿನಲ್ಲಿ ಇಳಿಯುತ್ತಿರಲಿಲ್ಲ. ಹಿಂದಿರುಗಿದಮೇಲೆ ಒಂದು ಪ್ರಬಂಧವನ್ನು ಬರೆದು ವರ್ಷಗಟ್ಟಳೆ ಪ್ರಕಟಿಸದೆ ಇಟ್ಟುಕೊಂಡನು. 1750ರಲ್ಲಿ ತಂದೆ ಮರಣಶಯ್ಯೆಯಲ್ಲಿ ಅದನ್ನು ಅಚ್ಚುಹಾಕಿಸೆಂದು ಹೇಳಿದನು. 1754ರಲ್ಲಿ ಅದು ಹೊರಬಂದಿತು. 1757ರಲ್ಲಿ ಎರಡನೆಯ ಸಲ ದಕ್ಷಿಣಕ್ಕೆ ಹೋದಾಗ ಇನ್ನೊಂದು ತೊಡಕು ಕಂಡಿತು. ಮಿತ್ರರ ಮನೆಗಳಲ್ಲಿ ಉಚಿತವಾಗಿ ಉಂಡು ಮಲಗಿದರೆ, ದಾಸರ ದುಡಿಮೆಯ ಲಾಭದಲ್ಲಿ ತನಗೂ ಪಾಲು ಬಂದಂತಲ್ಲವೇ? ಆತಿಥ್ಯವನ್ನು ನಿರಾಕರಿಸಿದರೆ ಮನೆಯವರ ಮನಸ್ಸು ನೋಯುತ್ತದೆ. ಒಪ್ಪಿಕೊಂಡರೆ ಒಳಗಿನ ಸಾಕ್ಷಿ ನೋಯುತ್ತದೆ. ಆದುದರಿಂದ ಬೆಳ್ಳಿಯ ಸಣ್ಣ ನಾಣ್ಯಗಳನ್ನು ಜೊತೆಯಲ್ಲಿಟ್ಟುಕೊಂಡು, ಹೊರಡುವಾಗ ಮನೆಯ ಯಜಮಾನನನ್ನು ಒಂದು ಕಡೆಗೆ ಕರೆದು, ಇದನ್ನು ನಿಮ್ಮ ದಾಸರಿಗೆ ಹಂಚಿರೆಂದು ಕೊಡುತ್ತಿದ್ದನು. ಕೆಲವೆಡೆ ತಾನೇ ದಾಸರ ಕೈಗೆ ಕೊಡುತ್ತಿದ್ದನು. ಹೀಗೆ ಮಾಡುವುದು ತನಗೆ ಸುಲಭವಾಗಿರಲಿಲ್ಲವೆಂದೂ, ಕೊಡಬೇಕಾದ ಮನೆಯವರಲ್ಲಿ ಸಂಪನ್ನರೇ ಹೆಚ್ಚಾಗಿದ್ದರೆಂದೂ ಆತನು ಒಪ್ಪಿಕೊಂಡಿದ್ದಾನೆ. ಉಪ್ಪರಿಗೆಯ ಮನೆಯಲ್ಲಿ ಉಂಡು, ಊಟಕ್ಕೆ ಬೆಲೆಯೆಂದು ನಾಣ್ಯವನ್ನು ಚಾಚುವ ಸಂಕೋಚ ಎಷ್ಟೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಈ ಮನುಷ್ಯನ ರೀತಿ ಎಂಥದೆಂದು ತಿಳಿಯಲು ಆತನ ಹಿರಿಯ ಸಮಕಾಲೀನನಾದ ಬೆಂಜಮಿನ್ ಲೇ ಎಂಬವನನ್ನು ನೋಡಬೇಕು. ಆತನೂ ಕ್ವೇಕರನೇ, ದಾಸ್ಯದ ಕಡುವೈರಿ. 1738ರ ವಾರ್ಷಿಕ ಸಭೆಗೆ, ಒಳಗನ್ನು ಕೊರೆದ ಪುಸ್ತಕವೊಂದರಲ್ಲಿ ಕೆಂಪು ಹಣ್ಣಿನ ರಸ ತುಂಬಿದ ಚೀಲವನ್ನು ಬಚ್ಚಿಟ್ಟುಕೊಂಡು ಬಂದು, ದಾಸರನ್ನಿಟ್ಟುಕೊಂಡವರನ್ನು ನಿಂದಿಸಿ, ಕತ್ತಿಯಿಂದ ಪುಸ್ತಕವನ್ನು ತಿವಿದನು; ರಕ್ತದಂಥ ರಸವು ಸಮೀಪದಲ್ಲಿದ್ದವರ ಮೇಲೆ ಚಿಮ್ಮಿತು. ಸಭೆಯವರು ಆತನನ್ನು ಹೊರಕ್ಕೆ ಹಾಕಿದರು, ಸಮಾಜದಿಂದಲೂ ತೆಗೆದುಬಿಟ್ಟರು. ಲೇ ಹೇಳಿದುದು ಸತ್ಯ. ಆತನ ಕೋಪವೂ ನ್ಯಾಯವಾದುದೇ. ವೂಲ್ಮನ್ನನ ಮೃದುತ್ವವನ್ನು ಹೊಗಳುವುದಕ್ಕಾಗಿ ಆ ಕೋಪವನ್ನು ಹಳಿಯುವವರೊಡನೆ ನಾವು ಸೇರುವುದಿಲ್ಲ. ನೆಲವನ್ನು ಅಗೆದವನು ಒಬ್ಬ, ಬಿತ್ತಿದವನು ಮತ್ತೊಬ್ಬ.

1758ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆಯಲ್ಲಿ ವಿಷಯವು ಚರ್ಚೆಗೆ ಬಂದಿತು. ದಾಸ್ಯವು ಒಳ್ಳೆಯದೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾವಕಾಶವಾಗಿ ನೋಡೋಣ, ದೇವರೇ ಒಂದು ದಾರಿ ತೋರಿಸಿಯಾನು ಎಂದು ಕೆಲವರು ಹೇಳಿದರು. ಬಹಳ ಹೊತ್ತು ಸುಮ್ಮನೆ ಕುಳಿತಿದ್ದ ವೂಲ್ಮನ್ ಎದ್ದನು. ಪೀಡಿತರ ಕೂಗು ಪರಮಾತ್ಮನ ಕಿವಿಯನ್ನು ಮುಟ್ಟಿದೆ. ಕರ್ತವ್ಯವು ಸ್ಪಷ್ಟವಾಗಿರುವಾಗ ನಮ್ಮ ಲಾಭಕ್ಕಾಗಿಯೋ, ಸ್ನೇಹಿತರ ದಾಕ್ಷಿಣ್ಯಕ್ಕಾಗಿಯೋ ತಡಮಾಡಿದರೆ, ಆತನು ಭಯಂಕರವಾದ ರೀತಿಯಲ್ಲಿ ಉತ್ತರ ಕೊಟ್ಟಾನು ಎಂಬ ಅರ್ಥದ ಮಾತುಗಳನ್ನಾಡಿದನು. ಸಭೆಯ ಮನಸ್ಸು ತಿರುಗಿತು. ಇನ್ನುಮುಂದೆ ದಾಸರನ್ನು ಕೊಳ್ಳುವವರಿಗೂ ಮಾರುವವರಿಗೂ ಸಭೆಯ ಕಾರ್ಯಗಳಲ್ಲಿ ಸ್ಥಾನವಿಲ್ಲವೆಂದು ನಿರ್ಣಯವಾಯಿತು. ದಾಸರುಳ್ಳ ಮಿತ್ರರ ಮನೆಮನೆಗೂ ಹೋಗಿ ಮಾತನಾಡಲು ವೂಲ್ಮನ್ನನೂ ಸೇರಿದಂತೆ ಕೆಲವರು ನಿಯಮಿತರಾದರು. ಮುದುಕನಾಗಿದ್ದ ಬೆಂಜಮಿನ್ ಲೇ ಈ ಸುದ್ದಿಯನ್ನು ಕೇಳಿ, ಇನ್ನು ನೆಮ್ಮದಿಯಿಂದ ಸಾಯಬಲ್ಲೆನೆಂದನಂತೆ. ಮರುವರ್ಷವೇ ತೀರಿಕೊಂಡನು.

ಅದೇ ಕಾಲದಲ್ಲಿ ಫ್ರೆಂಚರೊಡನೆ ಯುದ್ಧ ನಡೆಯುತ್ತಿದ್ದಿತು. ಯುದ್ಧಕ್ಕಾಗಿ ಹಾಕಿದ ತೆರಿಗೆಯನ್ನು ತೆರಲು ವೂಲ್ಮನ್ನನ ಮನಸ್ಸು ಒಪ್ಪಲಿಲ್ಲ. ಒಳ್ಳೆಯವರೇ ಅನೇಕರು ತೆರುತ್ತಿದ್ದುದರಿಂದ ತನ್ನ ನಿಲುವಿನ ವಿಷಯದಲ್ಲಿ ಆತನಿಗೆ ಸಂದೇಹವೂ ಸಂಕಟವೂ ಉಂಟಾಗಿದ್ದುವು. ಮೌಂಟ್ ಹಾಲಿಗೆ ಸಿಪಾಯಿಗಳು ಬಂದಾಗ, ಇಬ್ಬರಿಗೆ ವಸತಿ ಕೊಡಬೇಕು, ತಲೆಗೆ ವಾರಕ್ಕೆ 6 ಷಿಲಿಂಗ್ ಸಲ್ಲುತ್ತದೆ ಎಂದು ಅಧಿಕಾರಿ ಹೇಳಿದನು. ಕಡೆಗೆ ಒಬ್ಬನು ಮಾತ್ರ ಬಂದು ಎರಡು ವಾರ ಇದ್ದು ಹೋದನು. ವೂಲ್ಮನ್ ಸಿಪಾಯಿಗೆ ಊಟ ಹಾಕಿದನು, ಹಣವನ್ನು ಮುಟ್ಟಲಿಲ್ಲ. ಬಾಗಿಲಿಗೆ ಬಂದ ಮನುಷ್ಯನನ್ನು ತಳ್ಳಲಾಗದು. ಯುದ್ಧದಿಂದ ಲಾಭ ಪಡೆಯಲೂ ಆಗದು. ಎರಡು ಧರ್ಮಗಳ ನಡುವೆ ಇಷ್ಟು ಸಣ್ಣ ಓಣಿಯಿದ್ದಿತು. ಅದರಲ್ಲಿಯೇ ನಡೆದುಕೊಂಡು ಹೋದನು.

ವಯಸ್ಸಾದಂತೆ ಆತನ ಸೂಕ್ಷ್ಮತೆ ಹೆಚ್ಚುತ್ತ ಹೋಯಿತು. 1762ರ ಹೊತ್ತಿಗೆ ಬಣ್ಣ ಹಾಕಿದ ಬಟ್ಟೆಯನ್ನು ಪೂರ್ತಿಯಾಗಿ ಬಿಟ್ಟನು. ಬಣ್ಣವು ಬಟ್ಟೆಯ ಬಾಳಿಕೆಯನ್ನು ಕೆಡಿಸುತ್ತದೆ, ಕೊಳೆಯನ್ನು ಮರೆಮಾಡುತ್ತದೆ. ಕೊಳೆಯನ್ನು ತೊಳೆಯಬೇಕೇ ಹೊರತು ಮುಚ್ಚಬಾರದು ಎಂಬುದು ಆತನ ವಾದ. ಬಿಳಿಯ ಟೋಪಿಯನ್ನಿಟ್ಟುಕೊಂಡು ಬಂದ ಆತನನ್ನು ಕಂಡು ಸ್ವಂತ ಮತದವರೇ ದೂರ ಸರಿದರು. ಆ ಕಾಲದಲ್ಲಿ ಬಿಳಿಯ ಟೋಪಿ ಷೋಕಿಯವರಲ್ಲಿ ರೂಢಿಗೆ ಬಂದಿತ್ತಾಗಿ, ಈತನಿಗೂ ಷೋಕಿ ಹಿಡಿಯಿತೆಂದುಕೊಂಡರು. ಹಿಂದೆ ವೆಸ್ಟ್ ಇಂಡೀಸಿನ ಸಕ್ಕರೆ, ಕಾಕಂಬಿ, ರಂ ಇವುಗಳನ್ನು ತಾನೇ ಮಾರಿದ್ದನ್ನು ನೆನೆದು ಪರಿತಪಿಸಿದನು. 1770ರಲ್ಲಿ ರೋಗವಾಗಿ ಮಲಗಿದ್ದಾಗ ತನ್ನ ಹೆಸರೇ ತನಗೆ ಮರೆತುಹೋದಂಥ ಸ್ಥಿತಿ ಬಂದಿತು. ಮಂಕುಬಣ್ಣದ ರಾಶಿಯೊಂದು ಕಂಡಿತು. ಅದು ದುಃಖದಲ್ಲಿ ಮುಳುಗಿದ ಮನುಷ್ಯರ ರಾಶಿ. ತಾನೂ ಅದರಲ್ಲಿ ಕಲೆತುಹೋಗಿದ್ದನು. ಆಮೇಲೆ ಜಾನ್ ವೂಲ್ಮನ್ ಸತ್ತನೆಂದು ಒಂದು ಧ್ವನಿ ಕೇಳಿಸಿತು. ಸತ್ತುದು ತನ್ನ ಸ್ವಂತ ಇಚ್ಛೆಯೆಂದು ಆತನು ಅರ್ಥಮಾಡಿಕೊಂಡನು. ಅದೇ ದರ್ಶನದಲ್ಲಿ ಬೆಳ್ಳಿಯ ಗಣಿಗಳಲ್ಲಿ ನವೆಯುವ ಜನರನ್ನೂ ಕಂಡಿದ್ದರಿಂದ, ಮುಂದೆ ಬೆಳ್ಳಿಯ ಪಾತ್ರೆಯಲ್ಲಿ ನೀರನ್ನೂ ಕುಡಿಯಲಿಲ್ಲ.

ಇದೆಲ್ಲ ಅತಿಯಾಯಿತೆಂದು ಕೆಲವರಿಗೆ ತೋರಬಹುದು. ನಮಗೂ ಒಮ್ಮೊಮ್ಮೆ ಹಾಗೆ ತೋರಿದೆ. ಹೀಗೆ ಪ್ರತಿಯೊಂದು ಎಳೆಯನ್ನೂ ಬಿಡಿಸುತ್ತ ಹೋದರೆ ಮನುಷ್ಯನು ಉಡುವುದೇನು, ಉಣ್ಣುವುದೇನು? ಆದರೆ ಈ ಸೂಕ್ಷ್ಮತೆಯು ಕೇವಲ ಶುಚಿತ್ವದ ಹಠವಲ್ಲವೆಂಬುದಕ್ಕೆ ಒಂದು ಸಂಗತಿ ಸಾಕು. ಬಹಳ ಹಿಂದೆ, ತೀರಿಕೊಂಡವನೊಬ್ಬನ ಆಸ್ತಿಗೆ ಮತ್ತೊಬ್ಬನೊಡನೆ ತಾನೂ ಮೇಲ್ವಿಚಾರಕನಾಗಿದ್ದಾಗ, ಆ ಆಸ್ತಿಗೆ ಸೇರಿದ ನೀಗ್ರೋ ಹುಡುಗನೊಬ್ಬನನ್ನು 30 ವರ್ಷ ವಯಸ್ಸಾಗುವವರೆಗೆ ದುಡಿಯತಕ್ಕದ್ದೆಂದು ಇಬ್ಬರೂ ಸೇರಿ ಮಾರಿದ್ದರು. ಬಿಳಿಯರ ಮಕ್ಕಳು 21ಕ್ಕೆ ಸ್ವತಂತ್ರರು. ಹಾಗಾದರೆ ಆ ಹುಡುಗನಿಂದ ಕಸಿದುಕೊಂಡುದು 9 ವರ್ಷ. ಅದರಲ್ಲಿ ತನ್ನ ಪಾಲಿನ ತಪ್ಪು ನಾಲ್ಕೂವರೆ ವರ್ಷ. 1769ರಲ್ಲಿ ವೂಲ್ಮನ್ ಒಂದು ಕರಾರುಪತ್ರವನ್ನು ಬರೆದು, ಕಡೆಯ ನಾಲ್ಕೂವರೆ ವರ್ಷಗಳಿಗೆ ನ್ಯಾಯವೆಂದು ಕಂಡ ಹಣವನ್ನು ಒಡೆಯನಿಗೆ ತಾನಾಗಲಿ ತನ್ನ ಉತ್ತರಾಧಿಕಾರಿಗಳಾಗಲಿ ಕೊಡತಕ್ಕದ್ದೆಂದು ಕಟ್ಟುಮಾಡಿಕೊಂಡನು. ಪಶ್ಚಾತ್ತಾಪವನ್ನು ವರ್ಷ ತಿಂಗಳುಗಳ ಲೆಕ್ಕದಲ್ಲಿ ತೀರಿಸಿದ ಹಳೆಯ ಗುಮಾಸ್ತೆ! ಕ್ರಯಪತ್ರ ಬರೆದ ಕೈಯೇ ಬಿಡುಗಡೆಯ ಪತ್ರವನ್ನೂ ಬರೆದದ್ದು ನಮಗೆ ಆತನ ಎಲ್ಲ ಉಪದೇಶಗಳಿಗಿಂತ ಹಿರಿದಾಗಿ ಕಾಣುತ್ತದೆ.

1772ರ ಮೇ ತಿಂಗಳಲ್ಲಿ ವೂಲ್ಮನ್ ಇಂಗ್ಲೆಂಡಿಗೆ ಹಡಗು ಹತ್ತಿದನು. ಉತ್ತಮ ತರಗತಿಯ ಕೋಣೆಗಳ ಹೊರಮೈಯಲ್ಲಿದ್ದ ಕೆತ್ತನೆಯನ್ನು ಕಂಡು, ಆ ಅಲಂಕಾರದ ಬೆಲೆಯೂ ದರದಲ್ಲಿ ಸೇರಿರುವುದೆಂದು, ನಾವಿಕರು ಮಲಗುವ ಕೆಳಭಾಗದಲ್ಲಿ ಸ್ಥಳ ಪಡೆದನು. ಒದ್ದೆ ಬಟ್ಟೆ, ದುರ್ಗಂಧ, ಗಾಳಿಯಿಲ್ಲದ ಇರುಳು. ಇವುಗಳ ನಡುವೆ ಐದಾರು ವಾರ ಕಳೆದು, ನಾವಿಕ ಹುಡುಗರ ಕಷ್ಟಗಳನ್ನು ಕೇಳಿ ತಿಳಿದನು. ಲಂಡನ್ನಿನ ಮಿತ್ರರ ಸಭೆಯಲ್ಲಿ, ಬಣ್ಣವಿಲ್ಲದ ಉಡುಪಿನ ಈ ಅತಿಥಿಯನ್ನು ಕಂಡು ಕೆಲವರು, ಬಂದ ಕೆಲಸ ಆಯಿತೆಂದು ತಿಳಿದು ಹಿಂದಿರುಗಬಹುದಲ್ಲವೇ ಎಂದರೆಂದೂ, ಆತನು ಕಣ್ಣೀರು ತಂದುಕೊಂಡು, ನಿಮಗೆ ಭಾರವಾಗಿರುವುದಿಲ್ಲ, ಹೊಲಿಗೆಯ ಕೆಲಸ ಕೊಟ್ಟರೆ ಮಾಡಿಕೊಂಡಿರುತ್ತೇನೆ ಎಂದನೆಂದೂ ಹೇಳಿಕೆಯಿದೆ. ಅಲ್ಲಿಂದ ಉತ್ತರಕ್ಕೆ ನಡೆದೇ ಹೊರಟನು. ವೇಗಕ್ಕಾಗಿ ಕುದುರೆಗಳನ್ನು ಸಾಯುವವರೆಗೆ ಓಡಿಸುತ್ತಾರೆ, ಚಳಿಗಾಲದ ಇರುಳಿನಲ್ಲಿ ಟಪ್ಪಾಲಿನ ಹುಡುಗರು ನವೆಯುತ್ತಾರೆ ಎಂದು ಕೇಳಿ, ಗಾಡಿ ಹತ್ತಲಿಲ್ಲ. ಟಪ್ಪಾಲಿನಲ್ಲಿ ಕಾಗದವನ್ನೂ ಹಾಕಲಿಲ್ಲ. ದಾರಿಯುದ್ದಕ್ಕೂ ಧಾನ್ಯದ ಬೆಲೆಯನ್ನೂ ಕೂಲಿಯ ದರವನ್ನೂ ಬರೆದುಕೊಂಡನು: ಲಂಡನ್ನಿನ ಕಡೆಯ ಅನೇಕ ಸೀಮೆಗಳಲ್ಲಿ ಕೂಲಿಯವನಿಗೆ ದಿನಕ್ಕೆ 10 ಪೆನ್ನಿ, ಊಟ ಅವನದೇ. ಆ ಕಾಲದ ಇಂಗ್ಲೆಂಡಿನ ಬಡತನವನ್ನು ಬರೆಯುವ ಚರಿತ್ರಕಾರನಿಗೆ ಈ ಟಿಪ್ಪಣಿಗಳು ಉಪಯುಕ್ತವಾಗಿವೆ.

ಯಾರ್ಕ್ ನಗರದಲ್ಲಿ ಸಿಡುಬು ತಗಲಿತು. ಔಷಧವನ್ನು ಕೊಡಬಂದವರಿಗೆ, ದಬ್ಬಾಳಿಕೆಯ ಕೈಗಳಿಂದ ಬಂದುದಲ್ಲವಾದರೆ ತೆಗೆದುಕೊಳ್ಳಲು ಅಡ್ಡಿಯಿಲ್ಲವೆಂದನು. 1772ರ ಅಕ್ಟೋಬರ್ 7ರಂದು, 52 ವರ್ಷ ತುಂಬಲು ಕೆಲವೇ ದಿನಗಳಿರುವಾಗ ತೀರಿಕೊಂಡನು. ಸಾದಾ ಮರದ ಪೆಟ್ಟಿಗೆ ಸಾಕು, ಅದರ ಖರ್ಚಿಗೆ ನನ್ನ ಉಡುಪುಗಳನ್ನು ಕೊಡಿರಿ ಎಂದು ಮೊದಲೇ ಹೇಳಿದ್ದನು.

ಆತನ ದಿನಚರಿ 1774ರಲ್ಲಿ ಅಚ್ಚಾಯಿತು. 1776ರಲ್ಲಿ ಫಿಲಡೆಲ್ಫಿಯದ ವಾರ್ಷಿಕ ಸಭೆ, ದಾಸರನ್ನಿಟ್ಟುಕೊಂಡವರು ಮಿತ್ರಸಮಾಜದಲ್ಲಿ ಇರತಕ್ಕದ್ದಲ್ಲವೆಂದು ವಿಧಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ಅದೇ ತೀರ್ಮಾನಕ್ಕೆ ಬರಲು 1865ರವರೆಗೆ ಕಾಯಬೇಕಾಯಿತು, ಅದೂ ಲಕ್ಷಾಂತರ ಜನರ ಪ್ರಾಣವನ್ನು ತೆಗೆದ ಯುದ್ಧವೊಂದರ ಮೇಲೆ. ಕ್ವೇಕರರನ್ನೂ ನಾವು ಮಿತಿಮೀರಿ ಹೊಗಳುವಂತಿಲ್ಲ. ದಾಸರನ್ನು ಬಿಟ್ಟ ಮೇಲೆಯೂ ಅವರ ಪ್ರಾರ್ಥನಾಮಂದಿರಗಳಲ್ಲಿ ಕರಿಯರಿಗೆ ಬೇರೆ ಬೆಂಚುಗಳು ಬಹುಕಾಲ ಉಳಿದುವು.

ಮೌಂಟ್ ಹಾಲಿಯ ಅಂಗಡಿಯಿಂದ ಕ್ರಯವಾಗಿ ಹೋದ ಆ ಸ್ತ್ರೀಯ ವಿಷಯವಾಗಿ ದಿನಚರಿಯಲ್ಲಿ ಮುಂದೆ ಒಂದು ಮಾತೂ ಇಲ್ಲ. ಆಕೆಯ ಹೆಸರನ್ನೂ ವೂಲ್ಮನ್ ಬರೆದಿಲ್ಲ.